ಸಾರನ್ನು ಸಾರುವವರು

ಕನ್ನಡದಲ್ಲಿ ‘ಸಾರು’ ಎಂಬ ಮಾತಿಗೆ ಎರಡು ಮುಖ. ನಾಮಪದವಾದಾಗ ಅದು ಅನ್ನದ ಮೇಲೆ ಬೀಳುತ್ತದೆ. ಕ್ರಿಯಾಪದವಾದಾಗ ಊರವರ ಕಿವಿಯ ಮೇಲೆ ಬೀಳುತ್ತದೆ. ಡಂಗುರ ಹೊಡೆದು ಹೇಳುವುದನ್ನೂ ಸಾರುವುದು ಎಂದೇ ಕರೆಯುತ್ತೇವೆ. ಈಚೆಗೆ ನಮ್ಮ ಪುರವಣಿಗಳನ್ನು ಓದುತ್ತಿದ್ದರೆ, ಸಭೆಗಳ ಭಾಷಣ ಕೇಳುತ್ತಿದ್ದರೆ, ಸಾರು ಮಾಡುವವರು ಕಡಿಮೆಯಾಗಿ ಸಾರನ್ನು ಸಾರುವವರು ಹೆಚ್ಚಾಗಿದ್ದಾರೆಂದು ನನಗೆ ತೋರುತ್ತದೆ.

ಈ ಬರಹಗಳ ಧಾಟಿ ಓದುಗರಿಗೆ ಪರಿಚಿತವಾದುದೇ. ಮಳೆಗಾಲದ ಸಂಜೆ. ಹಳ್ಳಿಯ ಮನೆ. ಒಲೆಯ ಮುಂದೆ ಅಮ್ಮ. ಇಂಗಿನ ಒಗ್ಗರಣೆ ಚುರ್ ಎಂದೊಡನೆ ಓದುತ್ತಿದ್ದ ಹುಡುಗನ ಮೂಗು ಪುಸ್ತಕದಿಂದ ಮೇಲಕ್ಕೇಳುತ್ತದೆ. ಬಿಸಿ ಅನ್ನ, ಬೇಳೆಸಾರು, ಒಂದು ಚಮಚ ತುಪ್ಪ. ಆಮೇಲೆ ಹುಡುಗ ಬೆಳೆದು ಬೆಂಗಳೂರು ಸೇರುತ್ತಾನೆ, ದೊಡ್ಡ ಹುದ್ದೆಗೇರುತ್ತಾನೆ, ದೇಶ ವಿದೇಶ ಸುತ್ತುತ್ತಾನೆ. ಆ ಸಾರು ಮಾತ್ರ ಮತ್ತೆ ಸಿಕ್ಕುವುದಿಲ್ಲ. ಅದು ಅಮ್ಮನ ಕೈಗುಣ, ಅಮ್ಮನೊಡನೆಯೇ ಹೋಯಿತು. ಕೊನೆಯ ಭಾಗದಲ್ಲಿ ಅಂಗಡಿಯ ಪುಡಿಯ ಪೊಟ್ಟಣಕ್ಕೂ ಪ್ರೆಷರ್ ಕುಕ್ಕರಿಗೂ ಇಂದಿನ ಹೆಣ್ಣುಮಕ್ಕಳಿಗೂ ಅದೇ ಕ್ರಮದಲ್ಲಿ ಬೈಗುಳ. ಲೇಖನ ಮುಗಿಯಿತು; ಲೇಖಕರು ಊಟಕ್ಕೆ ಏಳುತ್ತಾರೆ. ಆ ಊಟವನ್ನು ಯಾರು ಮಾಡಿದರೆಂಬುದು ಲೇಖನದಲ್ಲಿ ಬರುವುದಿಲ್ಲ.

ಸಾರು ದೊಡ್ಡ ವಸ್ತುವೆಂಬುದರಲ್ಲಿ ನನಗೂ ಸಂದೇಹವಿಲ್ಲ. ನಾನು ಮಡಿಕೇರಿಯಲ್ಲಿ ಕನ್ನಡ ಪಾಠ ಹೇಳುವವಳು. ಮನೆಯಲ್ಲಿ ವಾರಕ್ಕೆ ನಾಲ್ಕು ದಿನವಾದರೂ ಸಾರು ಮಾಡುವವಳು. ಹೊರಗಿನವರಿಗೆ ಕೊಡಗೆಂದರೆ ಪಂದಿ ಕರಿ, ಕಡಂಬುಟ್ಟು. ಹೋಂಸ್ಟೇಗಳ ಫಲಕಗಳೂ ಅದನ್ನೇ ಹೇಳುತ್ತವೆ. ಆದರೆ ಕೊಡವರ ಮನೆಯಾಗಲಿ, ಅರೆಭಾಷೆಯ ಗೌಡರ ಮನೆಯಾಗಲಿ, ಸೋಮವಾರಪೇಟೆ ಕಡೆಯ ನಮ್ಮಂಥವರ ಮನೆಯಾಗಲಿ, ವಾರದ ನಡುವಿನ ದಿನ ಒಲೆಯ ಮೇಲಿರುವುದು ಸಾಮಾನ್ಯವಾಗಿ ಬೇಳೆಯೋ ಕಾಳೋ. ಅದನ್ನು ನೋಡಲು ಪ್ರವಾಸಿಗರು ಬರುವುದಿಲ್ಲ, ಅಷ್ಟೆ. ನನ್ನ ತಕರಾರಿರುವುದು ‘ಕೈಗುಣ’ ಎಂಬ ಆ ಒಂದು ಮಾತಿನ ಬಗ್ಗೆ. ಹೊಗಳಿಕೆಯ ವೇಷದಲ್ಲಿ ಬರುವ ಈ ಮಾತಿನಷ್ಟು ನಮ್ಮ ಅಡುಗೆಯನ್ನೂ ಅಡುಗೆ ಮಾಡುವವರನ್ನೂ ಹಾಳುಮಾಡಿದ್ದು ಬೇರೊಂದಿಲ್ಲವೆಂದು ನನ್ನ ವಾದ.

ಕನ್ನಡ ಸಾಹಿತ್ಯದ ಚರಿತ್ರೆಯನ್ನೇ ಸ್ವಲ್ಪ ನೋಡೋಣ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ‘ಲೋಕೋಪಕಾರ’ವನ್ನು ಬರೆದ. ಬೇಸಾಯ, ಅಂತರ್ಜಲ ಶೋಧನೆ, ಸುಗಂಧದ್ರವ್ಯ ಮುಂತಾದ ಲೋಕಕ್ಕೆ ಬೇಕಾದ ವಿದ್ಯೆಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವನ್ನು ಮೀಸಲಿಟ್ಟ. ಅವನ ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಪ್ರಕರಣವನ್ನೇ ಇಟ್ಟು ಬೇಳೆಗಳ ಪಾಕವನ್ನು ವಿವರಿಸಿದ. ಹದಿನಾರನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಹೆಸರಿನಲ್ಲಿಯೇ ಇಡೀ ಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದ. ಸೂಪವೆಂದರೆ ಬೇಳೆಯ ಅಡುಗೆ. ಅದರ ಹೆಸರೇ ಶಾಸ್ತ್ರಕ್ಕೆಲ್ಲ ಹೆಸರಾಯಿತು. ಪುರಾಣಕ್ಕೆ ಹೋದರೆ ನಳ ಮಹಾರಾಜನೂ ವಿರಾಟನ ಅಡುಗೆಮನೆಯ ವಲಲನೂ ಇದ್ದಾರೆ. ನಳಪಾಕ, ಭೀಮಪಾಕ ಎಂದು ಇಂದಿಗೂ ಹೇಳುತ್ತೇವೆ. ದಮಯಂತೀಪಾಕವನ್ನು ಯಾರಾದರೂ ಕೇಳಿದ್ದೀರಾ?

ಗಂಡಸು ಬರೆದಾಗ ಅದು ಸೂಪಶಾಸ್ತ್ರ. ಹೆಂಗಸು ದಿನಕ್ಕೆರಡು ಸಲ ಮಾಡಿದಾಗ ಅದು ಕೈಗುಣ. ಶಾಸ್ತ್ರವಾದರೆ ಕಲಿಯಬಹುದು, ಕಲಿಸಬಹುದು, ತಪ್ಪಿದರೆ ತಿದ್ದಬಹುದು, ಅದಕ್ಕೆ ಸಂಬಳವನ್ನೂ ಕೊಡಬೇಕಾಗುತ್ತದೆ. ಕೈಗುಣಕ್ಕೆ ಈ ತಾಪತ್ರಯಗಳೊಂದೂ ಇಲ್ಲ. ದೇವರು ಅದನ್ನು ಒಬ್ಬಳ ಅಂಗೈಯಲ್ಲಿಟ್ಟು ಕಳಿಸಿದ್ದಾನೆ. ಉಳಿದವರು ತಟ್ಟೆಯ ಮುಂದೆ ಕುಳಿತರೆ ಸಾಕು. ಆ ಕೈಯಾದರೂ ಎಂಥದೆಂದು ಹೊಗಳುವವರು ನೋಡಿದ್ದಾರೆಯೆ? ಕೊಡಗಿನ ಮಳೆಗಾಲದಲ್ಲಿ ಸೌದೆ ಒಣಗುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಪೇರಿಸಿಟ್ಟು, ಹೊಗೆಯಲ್ಲೇ ಅದನ್ನು ಒಣಗಿಸಬೇಕು. ಹಸಿ ಸೌದೆ ಹೊತ್ತಿಕೊಳ್ಳುವವರೆಗೆ ಊದುಕೊಳವೆ ಹಿಡಿದು ಊದುತ್ತಿದ್ದ ನನ್ನ ತಾಯಿಯ ಕಣ್ಣು ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಂಪಾಗಿಯೇ ಇರುತ್ತಿತ್ತು. ಇದರ ಮೇಲೆ ಒರಳುಕಲ್ಲು.

ಕಲ್ಲಿನಲ್ಲಿ ಅರೆದರೆ ರುಚಿ ಹೆಚ್ಚು ಎನ್ನುತ್ತಾರೆ. ಹೆಚ್ಚಿರಬಹುದು. ಅರೆಯುವ ತೋಳು ತಮ್ಮದಾಗಿದ್ದರೆ ಆ ಹೆಚ್ಚಿನ ರುಚಿ ಎಷ್ಟು ಬೆಲೆ ಬಾಳುತ್ತದೆಂದು ಅವರೇ ನಿರ್ಧರಿಸಲಿ.

ನನ್ನ ತಾಯಿಯ ಸಾರಿಗೆ ನಮ್ಮ ಬಂಧುಬಳಗದಲ್ಲಿ ಹೆಸರಿತ್ತು. ಅವರ ಕೊನೆಯ ವರ್ಷಗಳಲ್ಲಿ ನಾನು ಒಂದು ಕೆಲಸ ಮಾಡಿದೆ. ಚಿಕ್ಕದೊಂದು ತಕ್ಕಡಿ ತಂದು ಅವರ ಪಕ್ಕದಲ್ಲಿ ಕುಳಿತು, “ಅಮ್ಮಾ, ಪುಡಿಗೆ ಎಷ್ಟು ಕೊತ್ತಂಬರಿ?” ಎಂದೆ. “ಎಷ್ಟೂಂದ್ರೆ? ಒಂದು ಹಿಡಿ” ಎಂದರು. ಹಿಡಿಯನ್ನು ತಕ್ಕಡಿಗೆ ಸುರಿಸಿಕೊಂಡೆ: 28 ಗ್ರಾಂ. ಮತ್ತೊಮ್ಮೆ ಎಂದೆ: 30. ಇನ್ನೊಮ್ಮೆ ಎಂದಾಗ, “ನಿನಗೇನು ಮರುಳೆ?” ಎನ್ನುತ್ತಲೇ ಹಾಕಿದರು: 29. ಔಷಧದಂಗಡಿಯವನೂ ಮೆಚ್ಚಬೇಕಾದ ನಿಖರತೆ. ಕಡಿಮೆ ಉರಿಯಲ್ಲಿ ಕೊತ್ತಂಬರಿ ಬೀಜ ಹುರಿಯುವಾಗ ಸದ್ದು ಬದಲಾಗುವ ಕ್ಷಣ ಅವರಿಗೆ ಗೊತ್ತಿತ್ತು. ಜೀರಿಗೆಯನ್ನು ಅದರೊಡನೆ ಏಕೆ ಹಾಕಬಾರದೆಂದು ಗೊತ್ತಿತ್ತು. ಮಳೆಗಾಲದಲ್ಲಿ ಪುಡಿಗೆ ಮುಗ್ಗಲು ಹಿಡಿಯುವುದರಿಂದ ಹದಿನೈದು ದಿನಕ್ಕಾಗುವಷ್ಟನ್ನೇ ಮಾಡಬೇಕೆಂದು ಗೊತ್ತಿತ್ತು. ಇದು ಅರುವತ್ತು ವರ್ಷಗಳ ವೀಕ್ಷಣೆ, ಅಳತೆ, ತಿದ್ದುಪಡಿ. ಇಂಥ ಕೆಲಸವನ್ನು ಪ್ರಯೋಗಾಲಯದಲ್ಲಿ ಮಾಡಿದವರನ್ನು ವಿಜ್ಞಾನಿಯೆಂದು ಕರೆಯುತ್ತೇವೆ. ಆಕೆಯನ್ನು ಯಾರೂ ಏನೂ ಕೇಳಲಿಲ್ಲ. ‘ನಿಮ್ಮ ಕೈಯಲ್ಲೇನೋ ಇದೆ’ ಎಂದು ಹೇಳಿ ಕೈ ತೊಳೆದುಕೊಂಡರು.

ಅದೇ ದಿನ, “ನಿನಗೆ ತುಂಬಾ ಇಷ್ಟವಾದ ಸಾರು ಯಾವುದಮ್ಮಾ?” ಎಂದೂ ಕೇಳಿದೆ. ಹುರುಳಿಕಟ್ಟಿನ ಸಾರೆಂದೋ ಮೊಳಕೆ ಹೆಸರುಕಾಳಿನದೆಂದೋ ಹೇಳಬಹುದೆಂದು ಕಾದಿದ್ದೆ. ಸ್ವಲ್ಪ ಯೋಚಿಸಿ, “ಬೇರೆ ಯಾರಾದ್ರೂ ಮಾಡಿ ಬಡಿಸಿದ್ದು” ಎಂದರು.

ಇನ್ನು ಪೊಟ್ಟಣದ ವಿಚಾರ. ಸಾರಿನ ಪುಡಿಯ ಪೊಟ್ಟಣವೇ ಸಕಲ ಅನಿಷ್ಟಕ್ಕೂ ಕಾರಣವೆಂದು ಬರೆಯುವವರು ಅದರ ಚರಿತ್ರೆಯನ್ನೂ ಸ್ವಲ್ಪ ತಿಳಿಯಬೇಕು. ಉಡುಪಿಯ ಕಡೆಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲು ಮುಂದೆ ಎಂ.ಟಿ.ಆರ್. ಎಂದು ಹೆಸರಾಯಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1970ರ ದಶಕದ ನಡುವೆ, ಹೋಟೆಲು ನಡೆಸುವುದು ಕಷ್ಟವಾದಾಗ ಅವರು ಪುಡಿಗಳನ್ನೂ ಮಿಶ್ರಣಗಳನ್ನೂ ಪೊಟ್ಟಣ ಕಟ್ಟಿ ಮಾರುವತ್ತ ತಿರುಗಿದರು. 2007ರಲ್ಲಿ ಆ ಪೊಟ್ಟಣದ ವ್ಯಾಪಾರವನ್ನು ನಾರ್ವೆ ದೇಶದ ಓರ್ಕ್ಲಾ ಸಂಸ್ಥೆ ಕೊಂಡುಕೊಂಡಿತು. ಹಿಮದ ನಾಡಿನ ವ್ಯಾಪಾರಿಗಳಿಗೆ ನಮ್ಮ ಸಾರಿನ ಪುಡಿ ಬೇಕಾಯಿತೆಂದರೆ ಅದರ ಅರ್ಥವೇನು? ಅವರು ಕೈಗುಣವನ್ನು ನಂಬಲಿಲ್ಲ. ಇಷ್ಟು ಕೊತ್ತಂಬರಿ, ಇಷ್ಟು ಮೆಂತ್ಯ, ಇಷ್ಟು ಹೊತ್ತಿನ ಉರಿ ಎಂದು ಬರೆದಿಡಬಹುದಾದ ವಿದ್ಯೆಯಿದು ಎಂದು ನಂಬಿ ದುಡ್ಡು ಹಾಕಿದರು. ನಮ್ಮ ಅಮ್ಮಂದಿರ ತಿಳಿವಳಿಕೆಯನ್ನು ತಿಳಿವಳಿಕೆಯೆಂದು ಗುರುತಿಸಿದವರಲ್ಲಿ ಕಾರ್ಖಾನೆಯವರೇ ಮೊದಲಿಗರೆಂದರೆ ನಾವು ನಾಚಬೇಡವೆ?

ಪೊಟ್ಟಣದಿಂದ ಬೀದರಿನಿಂದ ಮಡಿಕೇರಿಯವರೆಗೆ ಸಾರೆಲ್ಲ ಒಂದೇ ರುಚಿಯಾಯಿತೆಂಬ ಆಕ್ಷೇಪವಿದೆ. ಅದರಲ್ಲಿ ಅರ್ಧ ನಿಜವುಂಟು. ಮನೆಗೊಂದು, ಕೇರಿಗೊಂದು ಬಗೆಯಿದ್ದ ಪುಡಿ ಈಗ ಅಂಗಡಿಯ ಕಪಾಟಿನಲ್ಲಿ ನಾಲ್ಕೈದು ಬಗೆಗೆ ಇಳಿದಿದೆ. ನಮ್ಮ ಕೊಡಗಿನಲ್ಲಂತೂ ಇದು ವಿಪರೀತದ ವಿಚಿತ್ರ. ಕಾಫಿತೋಟದ ನೆರಳುಮರಗಳನ್ನು ತಬ್ಬಿ ಬೆಳೆಯುವ ಒಳ್ಳೆಮೆಣಸನ್ನು ಕುಯ್ದು, ಒಣಗಿಸಿ, ಮೂಟೆ ಕಟ್ಟಿ ಘಟ್ಟದಾಚೆಗೆ ಕಳಿಸುತ್ತೇವೆ. ಆಮೇಲೆ ಅದೇ ಮೆಣಸಿನ ನಾಲ್ಕು ಕಾಳನ್ನು ಪೊಟ್ಟಣದ ಪುಡಿಯಲ್ಲಿ ಹಣ ಕೊಟ್ಟು ಕೊಂಡು ತರುತ್ತೇವೆ. ಆದರೆ ಬಗೆಗಳು ಅಳಿದದ್ದಕ್ಕೆ ಪೊಟ್ಟಣವೊಂದೇ ಕಾರಣವೆ? ಒಂದು ಮನೆಯಲ್ಲಿ ಐದು ಜನ ಉಣ್ಣುವವರಿದ್ದು ಆ ಮನೆಯ ಸಾರನ್ನು ಬಲ್ಲವಳು ಒಬ್ಬಳೇ ಆಗಿದ್ದರೆ, ಅದು ಆಗಲೇ ಅರ್ಧ ಸತ್ತ ವಿದ್ಯೆ. ಪೊಟ್ಟಣ ಬಂದದ್ದು ತಿಥಿಯ ಊಟಕ್ಕೆ.

‘ಹೆಂಗಸರು ಕೆಲಸಕ್ಕೆ ಹೊರಟ ಮೇಲೆ ಸಾರು ಕೆಟ್ಟಿತು’ ಎಂದು ಒಂದು ಸಾಹಿತ್ಯ ಸಭೆಯಲ್ಲಿ ಹಿರಿಯ ಮಿತ್ರರೊಬ್ಬರು ನನ್ನೆದುರಿಗೇ ಅಪ್ಪಣೆ ಕೊಡಿಸಿದರು. ಯಾವ ಹೆಂಗಸರು, ಯಾವಾಗ ಹೊರಟರು? ಕೊಡಗಿನ ಗದ್ದೆಗಳಲ್ಲಿ ನಾಟಿಯ ಕೆಸರಿನಲ್ಲಿ ಬಾಗಿ ನಿಂತವರು ಯಾರಾಗಿದ್ದರು? ಕಾಫಿ ಕುಯ್ಲಿನ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಹಣ್ಣು ಬಿಡಿಸಿ, ಚೀಲ ಹೊತ್ತು, ತೂಕ ಕೊಟ್ಟು, ಕತ್ತಲಾಗುವಾಗ ಲೈನ್ ಮನೆಗೆ ಮರಳುವ ಹೆಂಗಸು ನಿನ್ನೆ ಮೊನ್ನೆ ಹುಟ್ಟಿದವಳೆ? ಅವಳು ಮನೆಗೆ ಬಂದ ಮೇಲೆ ಒಲೆ ಹೊತ್ತಿಸಿ ಬೇಳೆ ಬೇಯಿಸುತ್ತಾಳೆ. ಗಂಡನೂ ಅದೇ ತೋಟದಲ್ಲಿ ಅಷ್ಟೇ ಹೊತ್ತು ದುಡಿದವನು. ಅವನು ಜಗಲಿಯಲ್ಲಿ ಕುಳಿತಿರುತ್ತಾನೆ. ಈ ಹೆಂಗಸು ಪೆಟ್ಟಿಗೆ ಅಂಗಡಿಯಲ್ಲಿ ತೂಗುಹಾಕಿದ ಸರದಿಂದ ಒಂದು ಚಿಕ್ಕ ಪೊಟ್ಟಣವನ್ನು ಹರಿದು ತಂದು ಸಾರಿಗೆ ಹಾಕಿದರೆ, ಅದಕ್ಕಾಗಿ ಕನ್ನಡ ಸಂಸ್ಕೃತಿಯ ಕಣ್ಣೀರು ಸುರಿಸುವವರು ಅವಳ ಬಳಿಗೆ ಹೋಗಿ ಆ ಮಾತನ್ನು ಹೇಳಿ ಬರಲಿ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕವೂ ಇದೆ. 2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಇದು ತೊಡಗಿದವರ ಲೆಕ್ಕ ಮಾತ್ರ. ತೊಡಗಿದವರಾದರೂ ಎಷ್ಟು ಮಂದಿ? ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ 26. ಉಳಿದ 74 ಮಂದಿಯಲ್ಲಿ ಎಷ್ಟು ಜನ ಅಮ್ಮನ ಸಾರಿನ ಬಗ್ಗೆ ಪ್ರಬಂಧ ಬರೆದರೆಂಬುದನ್ನು ಸಮೀಕ್ಷೆಯವರು ಕೇಳಲಿಲ್ಲ.

ಗಂಡಸರಿಗೆ ಒಲೆಯ ಮುಂದೆ ನಿಲ್ಲಲು ಬರುವುದಿಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ನಮ್ಮ ಜಿಲ್ಲೆಯಲ್ಲಿಯೇ ಹಬ್ಬದ ದಿನ ಮಾಂಸದ ದೊಡ್ಡ ಪಾತ್ರೆಯ ಮುಂದೆ ಅಂಗಿಯ ತೋಳು ಮಡಚಿ ನಿಂತು, ಕಾಚಂಪುಳಿ ಎಷ್ಟು ಹನಿ ಬೀಳಬೇಕೆಂದು ಗಂಟೆಗಟ್ಟಲೆ ವಾದಿಸುವ ಗಂಡಸರನ್ನು ಕಂಡಿದ್ದೇನೆ. ಮದುವೆಯ ಅಡುಗೆಭಟ್ಟರು ಗಂಡಸರು. ದೇವಸ್ಥಾನದ ಪಾಕಶಾಲೆಯಲ್ಲಿ ಗಂಡಸರು. ಹೋಟೆಲಿನ ಒಳಗೂ ಗಂಡಸರೇ. ದಕ್ಷಿಣೆ, ಸಂಬಳ, ಇಲ್ಲವೆ ಚಪ್ಪಾಳೆ, ಇವುಗಳಲ್ಲಿ ಒಂದಿದ್ದರೂ ಅವರಿಗೆ ಸೌಟು ಹಿಡಿಯಲು ಬರುತ್ತದೆ. ಮೂರೂ ಇಲ್ಲದ ಸೋಮವಾರದ ಬೇಳೆಸಾರಿಗೆ ಮಾತ್ರ ಕೈಗುಣ ಸಾಲದೆ ಹೋಗುತ್ತದೆ.

ಮದರಾಸಿನ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮಿಳಿನಲ್ಲಿ ಒಂದು ಅಡುಗೆಯ ಪುಸ್ತಕ ಬರೆದರು. ಹೆಸರು ‘ಸಮೈತ್ತುಪ್ ಪಾರ್’. ‘ಅಡುಗೆ ಮಾಡಿ ನೋಡು’ ಎಂದರ್ಥ. ಬರೆದು ನೋಡು ಎನ್ನಲಿಲ್ಲ, ನೆನೆದು ನೋಡು ಎನ್ನಲಿಲ್ಲ. ಬಂಧುಬಳಗದ ಹುಡುಗಿಯರು ಕಾಗದ ಬರೆದು ಕೇಳುತ್ತಿದ್ದುದನ್ನೆಲ್ಲ ಆಕೆ ಅಳತೆ ಸಮೇತ ಅಚ್ಚು ಹಾಕಿಸಿದರು. ಎಪ್ಪತ್ತು ವರ್ಷ ದಾಟಿದರೂ ಆ ಪುಸ್ತಕದ ಬೇಡಿಕೆ ನಿಂತಿಲ್ಲ. ಆಕೆ ತನ್ನಲ್ಲಿದ್ದುದನ್ನು ಕೈಗುಣವೆಂದು ಬಿಟ್ಟಿದ್ದರೆ ಆಕೆಯ ಮಸಾಲೆ ಆಕೆಯೊಡನೆಯೇ ಹೋಗುತ್ತಿತ್ತು.

ಸಾರಿನಲ್ಲಿ ಕಲಿಯಬೇಕಾದುದೇನಿದೆ ಎಂದು ಕೇಳುವವರೂ ಇದ್ದಾರೆ. ಇದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಆದ್ದರಿಂದ ಮಂಗಳೂರಿನಲ್ಲಿ ತೆರೆದ ಪಾತ್ರೆಯಲ್ಲಿ ಬೇಯುವ ಬೇಳೆ ಇಲ್ಲಿ ಅಷ್ಟು ಹೊತ್ತಿಗೆ ಬೇಯುವುದಿಲ್ಲ. ಎಷ್ಟು ಉರಿ ಹಾಕಿದರೂ ನೀರು ಅದಕ್ಕಿಂತ ಬಿಸಿಯಾಗದು. ಕುಕ್ಕರು ಹಬೆಯನ್ನು ಒಳಗೇ ಅದುಮಿ ಈ ಬಿಸಿಯನ್ನು ನೂರರ ಮೇಲಕ್ಕೇರಿಸುತ್ತದೆ. ಹಾಗಿರುವಾಗ ಕುಕ್ಕರನ್ನು ಬೈಯುವವರು ಮೊದಲು ಬೆಟ್ಟವನ್ನು ಇಳಿಯಬೇಕು. ಬೇಳೆ ಪೂರ್ತಿ ಬೇಯುವ ಮೊದಲೇ ಹುಳಿ ಬಿದ್ದರೆ ಕಾಳು ಗಟ್ಟಿಯಾಗಿಯೇ ನಿಲ್ಲುತ್ತದೆ; ಹುಣಿಸೆಯಾಗಲಿ ಕಾಚಂಪುಳಿಯಾಗಲಿ, ಹುಳಿಯ ಗುಣವೇ ಹಾಗೆ. ಇದನ್ನು ನಮ್ಮ ಅಜ್ಜಿಯಂದಿರು ರಸಾಯನಶಾಸ್ತ್ರ ಓದದೆ ತಿಳಿದಿದ್ದರು.

ಸಂಪ್ರದಾಯವೆಂದರೆ ಕದಲದ ವಸ್ತುವೆಂದು ತಿಳಿದವರಿಗೆ ಇಲ್ಲೊಂದು ಮಾತಿನ ಸಾಕ್ಷಿಯೂ ಉಂಟು. ಮಂಗರಸನ ಕಾಲಕ್ಕೆ ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಬಂದಿರಲಿಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಅಮೆರಿಕದ ಕಡೆಯಿಂದ ಬಂದದ್ದು. ಆಗ ‘ಮೆಣಸು’ ಎಂದರೆ ನಮ್ಮ ಬಳ್ಳಿಯ ಕಾಳು ಮಾತ್ರ. ಹೊಸದಾಗಿ ಬಂದ ಕಾಯಿ ಆ ಹೆಸರನ್ನೇ ಹೊದ್ದುಕೊಂಡಿತು. ಹಳೆಯ ಮನೆಯಾತ ಕರಿಮೆಣಸು, ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಕಟ್ಟಿಕೊಂಡು ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಇಂದು ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಸಾರಿನ ಪುಡಿ ಸಾಂಪ್ರದಾಯಿಕವಲ್ಲವೆಂದು ವಾದಿಸುತ್ತೇವೆ! ತೊಗರಿಯೂ ನಮ್ಮ ಮಳೆಯ ನಾಡಿನದಲ್ಲ. ಕಲಬುರಗಿಯ ಕಪ್ಪುನೆಲದಿಂದ ರಾಜ್ಯದ ಉದ್ದಕ್ಕೂ ಪಯಣ ಮಾಡಿ ನಮ್ಮ ಕುಕ್ಕರಿಗೆ ಬೀಳುತ್ತದೆ. ಬ್ಯಾಡಗಿಯ ಕಾಯಿ, ಕಲಬುರಗಿಯ ಬೇಳೆ, ಕೊಡಗಿನ ಮೆಣಸು, ಎಲ್ಲಿಂದಲೋ ಬಂದ ಇಂಗು ಒಂದು ಪಾತ್ರೆಯಲ್ಲಿ ಕೂಡುವುದಾದರೆ, ಮನೆಯ ಗಂಡಸು ಮಾತ್ರ ಜಗಲಿಯಿಂದ ಅಡುಗೆಮನೆಗೆ ಪಯಣ ಮಾಡಲಾರನೆ?

ಆದ್ದರಿಂದ ಅಮ್ಮನ ಸಾರಿಗಾಗಿ ಹಂಬಲಿಸುವ ಮಹನೀಯರಿಗೆ ನನ್ನ ತಾಯಿಯ ಪುಡಿಯನ್ನು ತೂಕದ ಸಮೇತ ಕೊಡುತ್ತಿದ್ದೇನೆ. ಅವರ ಹಿಡಿ, ಚಿಟಿಕೆಗಳನ್ನೆಲ್ಲ ಒಂದು ತಿಂಗಳ ಲೆಕ್ಕಕ್ಕೆ ಗುಣಿಸಿದ್ದೇನೆ. ಕೊತ್ತಂಬರಿ ಬೀಜ 200 ಗ್ರಾಂ, ಬ್ಯಾಡಗಿ ಮೆಣಸಿನಕಾಯಿ 100, ಜೀರಿಗೆ 50, ಒಳ್ಳೆಮೆಣಸು 40, ಸಾಸಿವೆ 10, ಮೆಂತ್ಯ 10, ಎರಡು ಹಿಡಿ ಒಣಗಿದ ಕರಿಬೇವು. ಮಳೆಗಾಲದಲ್ಲಿ ಎಲ್ಲವೂ ಅರ್ಧ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು, ಏಕೆಂದರೆ ಒಂದೊಂದರ ಹದ ಒಂದೊಂದು ಹೊತ್ತಿಗೆ. ಪೂರ್ತಿ ಆರಿದ ಮೇಲೆ ಮಿಕ್ಸಿಗೆ ಹಾಕಬೇಕು; ಬಿಸಿಯಲ್ಲಿ ಪುಡಿಮಾಡಿದರೆ ಗಂಟುಕಟ್ಟುತ್ತದೆ, ಬೇಗ ಕೆಡುತ್ತದೆ. ಇಷ್ಟಕ್ಕೆ ಬೇಕಾದುದು ಒಂದು ಭಾನುವಾರದ ಮುಕ್ಕಾಲು ಗಂಟೆ, ಎಂದರೆ ಒಂದು ಪುರವಣಿ ಓದುವಷ್ಟು ಹೊತ್ತು.

ಸಾರಿಗೆ ನಾಲ್ಕು ಜನಕ್ಕೆ 150 ಗ್ರಾಂ ತೊಗರಿಬೇಳೆ. ಅರ್ಧ ಗಂಟೆ ನೆನೆಸಿ, ಚಿಟಿಕೆ ಅರಿಸಿನ, ಒಂದು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು. ಹಬೆ ತಾನಾಗಿ ಇಳಿಯಲಿ. ಬೇಳೆ ಕಡೆದು, ನೀರು ಸೇರಿಸಿ, ಎರಡು ಟೊಮೇಟೊ, ಉಪ್ಪು, ಚೂರು ಬೆಲ್ಲ, ಎರಡು ಚಮಚ ಪುಡಿ. ಹುಳಿಗೆ ಹುಣಿಸೆಯ ರಸ. ಕಾಚಂಪುಳಿ ಮಾಂಸಕ್ಕೇ ಮೀಸಲೆಂದು ಹೇಳುವವರು ಉಂಟು. ನಾನು ಹುಣಿಸೆಯ ಬದಲು ಅದನ್ನೇ ಕಾಲು ಚಮಚ ಹಾಕುತ್ತೇನೆ, ಬೆಟ್ಟದ ಸಾರಿಗೆ ಬೆಟ್ಟದ ಹುಳಿ ಒಗ್ಗುತ್ತದೆ. ಪುಡಿ ಬಿದ್ದ ಮೇಲೆ ನೊರೆ ಒಮ್ಮೆ ಮೇಲೆದ್ದರೆ ಸಾಕು, ಇಳಿಸಬೇಕು. ಬಹಳ ಹೊತ್ತು ಕುದಿಸಿದರೆ ಪರಿಮಳ ಸಾರಿನಲ್ಲಿ ಉಳಿಯದೆ ನೆರೆಮನೆಗೆ ಹೋಗುತ್ತದೆ. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊನೆಗೆ.

ಮೊದಲನೆಯ ಸಲ ಬೇಳೆ ತಳ ಹಿಡಿಯಬಹುದು. ಎರಡನೆಯ ಸಲ ಉಪ್ಪು ಹೆಚ್ಚಾಗಬಹುದು. ಅದೇ ಸಾರನ್ನು ಮನೆಯವರಿಗೆ ಬಡಿಸಿ, ಅವರ ಮುಖವನ್ನು ನೋಡಿ, ಕೊನೆಯಲ್ಲಿ ಉಳಿದುದನ್ನು ತಾವು ಉಂಡು, ಪಾತ್ರೆಯನ್ನೂ ತೊಳೆದಿಟ್ಟ ಮೇಲೆ ಲೇಖನ ಬರೆಯಲು ಕುಳಿತುಕೊಳ್ಳಬಹುದು. ಅಂಥ ಲೇಖನವನ್ನು ನಾನು ಆದರದಿಂದ ಓದುತ್ತೇನೆ. ಸಭೆಯ ಹಿರಿಯ ಮಿತ್ರರಿಗೆ ಇಷ್ಟನ್ನು ಮಾತ್ರ ಬಿಡಿಸಿ ಹೇಳಬೇಕು: ಹುರಿಯುವಾಗ ಮೆಂತ್ಯವನ್ನು ಕಡೆಗೆ ಹಾಕಿ. ಆ ಹೊತ್ತಿಗೆ ಬಾಣಲೆ ಚೆನ್ನಾಗಿ ಕಾದಿರುವುದರಿಂದ ಉರಿ ತಗ್ಗಿಸಿ, ಬಣ್ಣ ತಿರುಗಿದ ಕೂಡಲೇ ತೆಗೆಯಿರಿ. ಆ ಒಂದು ನಿಮಿಷ ಫೋನು ಬಂದರೂ ಎತ್ತಬೇಡಿ. ಮೆಂತ್ಯ ಕರಿದಾದರೆ ತಿಂಗಳ ಪುಡಿಯೆಲ್ಲ ಕಹಿ.